ಹಳೇ ಮಿಲಿಟರಿ ಜೀಪಿಗೆ ನಂಬರ್ ಪ್ಲೇಟ್ ಬ್ರಾಕೆಟ್: ಎಲ್ಲಿ ಕೂರಿಸಬೇಕು, ಯಾವುದರಲ್ಲಿ ಮಾಡಿಸಬೇಕು?

ಎರಡನೇ ಮಹಾಯುದ್ಧದ ಕಾಲದ ವಿಲ್ಲಿಸ್ ಎಂಬಿ, ಫೋರ್ಡ್ ಜಿಪಿಡಬ್ಲ್ಯೂ ಜೀಪುಗಳಲ್ಲಿ ಇವತ್ತಿನ ನಂಬರ್ ಪ್ಲೇಟಿಗೆ ಅಂತ ಜಾಗವೇ ಇಲ್ಲ. ಅದರ ಅಗತ್ಯವೂ ಆಗ ಇರಲಿಲ್ಲ. ಅಮೆರಿಕದ ಸೇನೆ ಗಾಡಿಯ ನಂಬರನ್ನು ಬಾನೆಟ್ಟಿನ ಎರಡೂ ಮಗ್ಗುಲಿಗೆ ಬಣ್ಣದಲ್ಲಿ ಬರೆಸುತ್ತಿತ್ತು. ಬಂಪರ್ ಮೇಲೆ ಇರುತ್ತಿದ್ದದ್ದು ತುಕಡಿಯ ಗುರುತು. ಈಗ ಅದೇ ಜೀಪನ್ನು ಧಾರವಾಡದ ಕೆಎ 25 ಅಥವಾ ಹುಬ್ಬಳ್ಳಿಯ ಕೆಎ 63 ನಂಬರಿನಲ್ಲಿ ಹುಬ್ಬಳ್ಳಿಯ ಗೋಕುಲ ರಸ್ತೆಗೆ ಇಳಿಸಬೇಕು ಅಂದರೆ ಮುಂದೊಂದು, ಹಿಂದೊಂದು ಪ್ಲೇಟ್ ಇರಲೇಬೇಕು. ಗದಗಿನ ಕೆಎ 26, ಹಾವೇರಿಯ ಕೆಎ 27 ಗಾಡಿಗಳದ್ದೂ ಇದೇ ಕಥೆ.

ವರ್ಷಗಟ್ಟಲೆ ಕಷ್ಟಪಟ್ಟು ಹಳೇ ರೂಪಕ್ಕೆ ತಂದ ಗಾಡಿಯ ಬಂಪರಿಗೆ, ಕೊನೆಯ ದಿನ ಗಡಿಬಿಡಿಯಲ್ಲಿ ನಾಲ್ಕು ತೂತು ಕೊರೆದು ಪ್ಲೇಟ್ ಬಡಿಯುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಬಾಡಿಗೆ, ಬಂಪರಿಗೆ, ಚಾಸಿಗೆ ಒಂದೂ ಹೊಸ ತೂತು ಬೀಳದೆ ಈ ಕೆಲಸ ಮುಗಿಸಬಹುದು. ಯಾವ ಬ್ರಾಕೆಟ್ ಆಯ್ದುಕೊಳ್ಳಬೇಕು ಅನ್ನುವುದನ್ನು ನಾನು ಮೊದಲು ಅಳೆಯುವುದು ಇದೇ ಲೆಕ್ಕದಲ್ಲಿ. ಚೆಂದ ಕಾಣುವುದು, ಖರ್ಚು ಎಲ್ಲ ಆಮೇಲೆ.

ಇದು ಬರೀ ನನ್ನ ಹಠ ಅಲ್ಲ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು ಅಂತ ಅದರಲ್ಲಿದೆ. ಹೊಸದಾಗಿ ನೋಂದಣಿ ಮಾಡಿಸಿದರೆ ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಮೊದಲೇ ನೋಂದಣಿ ಇದ್ದವರು ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ವಿಂಟೇಜ್ ನೋಂದಣಿಯ ಗಾಡಿಯನ್ನು ದಿನಾ ಓಡಿಸುವ ಹಾಗಿಲ್ಲ. ರ್‍ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಇಂಥ ಕೆಲಸಕ್ಕಷ್ಟೇ ರಸ್ತೆಗೆ ತರಬಹುದು. ಮೂಲ ರೂಪಕ್ಕೆ ಇಷ್ಟು ಬೆಲೆ ಇರುವಾಗ ಬಾಡಿ ಕೊರೆಯುವುದು ಯಾಕೆ, ಅಲ್ವಾ?

ಬಿಚ್ಚಬೇಕಾದದ್ದು ಬ್ರಾಕೆಟ್, ಪ್ಲೇಟ್ ಅಲ್ಲ

2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್, ಅಂದರೆ ಎಚ್‌ಎಸ್‌ಆರ್‌ಪಿ ಪ್ಲೇಟ್ ಕಡ್ಡಾಯ. ಅದಕ್ಕಿಂತ ಹಳೇ ಗಾಡಿಗಳಿಗೂ ಹಾಕಿಸಬೇಕು ಅಂತ ಕರ್ನಾಟಕ ಸರ್ಕಾರ 2023ರಲ್ಲಿ ಆದೇಶ ಹೊರಡಿಸಿತು. ಈ ಪ್ಲೇಟ್ ತೆಳುವಾದ ಅಲ್ಯೂಮಿನಿಯಂ ಹಾಳೆ. ಎಡಗಡೆ ಅಶೋಕ ಚಕ್ರದ ಹೊಲೊಗ್ರಾಂ, ಕೆಳಗೆ ಲೇಸರಿನಲ್ಲಿ ಕೆತ್ತಿದ ಗುರುತಿನ ಸಂಖ್ಯೆ ಇರುತ್ತದೆ. ಕೂರಿಸುವುದು ಸ್ನ್ಯಾಪ್ ಲಾಕ್‌ನಿಂದ. ಒಮ್ಮೆ ಕೂತರೆ ಅದನ್ನು ಒಡೆಯದೆ ಬಿಚ್ಚಲು ಆಗುವುದಿಲ್ಲ.

ಹಾಗಾಗಿ ಪ್ಲೇಟನ್ನು ನೇರವಾಗಿ ಜೀಪಿಗೆ ಕೂರಿಸಿದರೆ ಮುಂದೆ ತೊಂದರೆ ತಪ್ಪಿದ್ದಲ್ಲ. ಬಂಪರ್ ಬಿಚ್ಚಬೇಕಾದಾಗ, ಬಣ್ಣ ಹೊಡೆಸಬೇಕಾದಾಗ ಪ್ಲೇಟೇ ಅಡ್ಡ. ಅದರ ಬದಲು ಪ್ಲೇಟನ್ನು ಒಂದು ಹಿಂಬದಿ ಶೀಟಿಗೆ ಸ್ನ್ಯಾಪ್ ಲಾಕ್ ಮಾಡಿಸಿ. ಆ ಶೀಟನ್ನು ಗಾಡಿಗೆ ಬೋಲ್ಟು ಹಾಕಿ ಬಿಗಿಯಿರಿ. ಬಿಚ್ಚುವಾಗ ಶೀಟ್ ಸಮೇತ ಬರುತ್ತದೆ, ಲಾಕ್ ಹಾಗೇ ಉಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಕೆಲವರು ಮ್ಯಾಗ್ನೆಟ್ ಹಚ್ಚಿ ಕೂರಿಸೋಣ, ಫೋಟೋ ತೆಗೆಯುವಾಗ ಸುಮ್ನೆ ಕಿತ್ತು ಒಳಗಿಡೋಣ ಅನ್ನುತ್ತಾರೆ. ಕೈಯಲ್ಲಿ ಕೀಳಲು ಬರುವ, ಮಡಚಿ ಮುಚ್ಚಲು ಬರುವ ಯಾವ ಬ್ರಾಕೆಟ್ಟನ್ನೂ ನಾನು ಒಪ್ಪುವುದಿಲ್ಲ. ರಸ್ತೆಯಲ್ಲಿ ಪ್ಲೇಟ್ ಕಾಣದಿದ್ದರೆ ದಂಡ ಕಟ್ಟಬೇಕು. ಜೊತೆಗೆ, ಲೀಫ್ ಸ್ಪ್ರಿಂಗಿನ ಜೀಪು ಗುಂಡಿಗೆ ಬಿದ್ದಾಗ ಮ್ಯಾಗ್ನೆಟ್ ನಿಲ್ಲುವುದೂ ಇಲ್ಲ. ಸ್ಪ್ಯಾನರ್ ಇಲ್ಲದೆ ಬರಬಾರದು, ಸ್ಪ್ಯಾನರ್ ಇದ್ದರೆ ಐದು ನಿಮಿಷದಲ್ಲಿ ಬರಬೇಕು. ಅಷ್ಟು ಸಾಕು.

ನಾಲ್ಕು ಚಕ್ರದ ಗಾಡಿಗೆ ಎಚ್‌ಎಸ್‌ಆರ್‌ಪಿ ಎರಡು ಅಳತೆಯಲ್ಲಿ ಬರುತ್ತದೆ: 500 × 120 ಮಿ.ಮೀ. ಉದ್ದನೆಯದು, 340 × 200 ಮಿ.ಮೀ. ಎರಡು ಸಾಲಿನದು. ಮುಂದೆ ಯಾವುದು, ಹಿಂದೆ ಯಾವುದು ಅನ್ನುವುದನ್ನು ಬುಕಿಂಗ್ ಮಾಡುವ ಮೊದಲೇ ತೀರ್ಮಾನಿಸಿ. ಅದೇ ಅಳತೆಯ ಎರಡು ರಟ್ಟು ಕತ್ತರಿಸಿಕೊಂಡು ಗಾಡಿಯ ಮೇಲೆ ಅಲ್ಲಿ ಇಲ್ಲಿ ಹಿಡಿದು ನೋಡಿ. ಕೆಳಗಿನ ಹೋಲಿಕೆಯೆಲ್ಲ ಆ ರಟ್ಟು ಕೈಯಲ್ಲಿದ್ದರೆ ಬೇಗ ಅರ್ಥವಾಗುತ್ತದೆ.

ಮುಂದೆ: ಗ್ರಿಲ್ ಬೇಡ, ಬಂಪರ್ ಇರಲಿ

ಮುಂದಿನ ಪ್ಲೇಟಿಗೆ ಜನ ಸಾಮಾನ್ಯವಾಗಿ ಮೂರು ಜಾಗ ನೋಡುತ್ತಾರೆ. ಗ್ರಿಲ್ ಮೇಲೆ, ಬಂಪರಿನ ಕೆಳಗೆ, ಬಂಪರಿನ ಮುಖದ ಮೇಲೆ.

ಗ್ರಿಲ್ ವಿಷಯ ಬೇಗ ಮುಗಿಸುತ್ತೇನೆ. ಎರಡು ಸಾಲಿನ ಪ್ಲೇಟನ್ನು ಅಲ್ಲಿ ಕೂರಿಸಿದರೆ ರೇಡಿಯೇಟರಿಗೆ ಹೋಗುವ ಗಾಳಿಗೆ ಅಡ್ಡ. ಏಪ್ರಿಲ್-ಮೇ ಬಿಸಿಲಲ್ಲಿ ಹುಬ್ಬಳ್ಳಿಯಿಂದ ಗದಗಿನವರೆಗೆ ಈ ಹಳೇ ಎಂಜಿನ್ ಓಡಿಸಿದವರಿಗೆ ಒಂದಂಗುಲ ಗಾಳಿಯ ಬೆಲೆಯೂ ಗೊತ್ತಿರುತ್ತದೆ. ಮೇಲಾಗಿ ಜೀಪಿನ ಮುಖ ಅಂದರೇ ಆ ಗ್ರಿಲ್. ಅದನ್ನು ಮುಚ್ಚಬೇಡಿ.

ಬಂಪರಿನ ಕೆಳಗೆ ನೇತುಹಾಕುವುದು ಅಗ್ಗ. ಎರಡು ಪಟ್ಟಿ ಬಗ್ಗಿಸಿದರೆ ಮುಗಿಯಿತು. ಊರೊಳಗೆ ಮಾತ್ರ ಓಡಿಸುವವರಿಗೆ ನಡೆಯುತ್ತದೆ. ಆದರೆ ಹೊಲದ ದಾರಿಗೆ ಇಳಿಸಿದ ಮೊದಲ ದಿನವೇ ಒಡ್ಡಿಗೆ ತಗುಲಿ ಪ್ಲೇಟ್ ಮಡಚಿಕೊಳ್ಳುತ್ತದೆ. ಮಡಚಿದ ಎಚ್‌ಎಸ್‌ಆರ್‌ಪಿಯನ್ನು ಬಡಿದು ನೆಟ್ಟಗೆ ಮಾಡಿದರೆ ಮೇಲಿನ ಹೊಳೆಯುವ ಹಾಳೆ ಬಿರಿಯುತ್ತದೆ.

ನನ್ನ ಮತ ಬಂಪರಿನ ಮುಖಕ್ಕೇ. ವಿಲ್ಲಿಸ್ ಬಂಪರ್ ಅಂದರೆ ಉಕ್ಕಿನ ಚಾನೆಲ್. ಸಪಾಟಾದ ಮುಖ ಮುಂದೆ, ತೆರೆದ ಬದಿ ಹಿಂದೆ. ಮೇಲೆ ಕೆಳಗೆ ಎರಡು ಅಂಚು ಸಿಗುತ್ತವೆ. ಆ ಅಂಚುಗಳನ್ನೇ ಹಿಡಿದುಕೊಳ್ಳುವ ಕ್ಲಾಂಪ್ ಮಾಡಿಸಿದರೆ ತೂತೇ ಬೇಡ. ಹಿಂಬದಿ ಶೀಟಿನ ಮೇಲ್ತುದಿಯನ್ನು ಬಗ್ಗಿಸಿ ಮೇಲಿನ ಅಂಚಿಗೆ ಸಿಕ್ಕಿಸಿ. ಕೆಳಗಿನಿಂದ ಎರಡು ಕೊಕ್ಕೆ ಪಟ್ಟಿ ಕೊಟ್ಟು ಬೋಲ್ಟಿನಿಂದ ಎಳೆದು ಬಿಗಿಯಿರಿ. ಕೊಕ್ಕೆಗೆ 25 × 5 ಮಿ.ಮೀ. ಎಂ.ಎಸ್. (ಮೈಲ್ಡ್ ಸ್ಟೀಲ್, ಸಾದಾ ಉಕ್ಕು) ಪಟ್ಟಿ ಸಾಕು. ಉಕ್ಕು ಬಂಪರಿಗೆ ತಾಗುವ ಕಡೆ ಹಳೇ ಲಾರಿ ಟ್ಯೂಬಿನ ತುಂಡು ಕೊಡಿ, ಬಣ್ಣ ಕೆರೆಯುವುದಿಲ್ಲ.

ಇದರಲ್ಲಿ ಮೂರು ಸೂಕ್ಷ್ಮ ಇವೆ. ಒಂದು, ಬಂಪರಿನ ಒಳಗೆ ಮಧ್ಯದಲ್ಲಿ ಮರದ ತುಂಡು ಇರಬಹುದು. ಮೂಲ ರೂಪದಲ್ಲಿ ಅದು ಇರಬೇಕಾದದ್ದೇ, ತೆಗೆಯಬೇಡಿ. ಕೊಕ್ಕೆಗಳನ್ನು ಅದರ ಆಚೆ ಈಚೆ ಬರುವಂತೆ ಇಡಿ. ಎರಡು, ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡುವ ದಾರಿ ಖಾಲಿ ಇರಬೇಕು. ಪ್ಲೇಟ್ ಬಂಪರಿಗಿಂತ ಮೇಲಕ್ಕೆ ಚಾಚಿದರೆ ಹ್ಯಾಂಡಲ್ ತಿರುಗುವಾಗ ಬಡಿಯುತ್ತದೆ. ನಿಜವಾದ ಹ್ಯಾಂಡಲ್ ಹಾಕಿ ಒಂದು ಸುತ್ತು ತಿರುಗಿಸಿ ನೋಡಿ. ತಗುಲಿದರೆ ಪ್ಲೇಟನ್ನು ಒಂದು ಬದಿಗೆ ಸರಿಸಿ. ಮಧ್ಯದಲ್ಲೇ ಇರಬೇಕು ಅಂತ ಹಟ ಬೇಡ. ಮೂರು, ಇಲ್ಲಿಗೆ 500 × 120 ಅಳತೆಯದ್ದೇ ಸರಿ. 340 × 200 ಇಟ್ಟರೆ ಮೇಲೆ ಕೆಳಗೆ ಎರಡೂ ಕಡೆ ಹೊರಗೆ ಬರುತ್ತದೆ.

ಮಹೀಂದ್ರಾ ಸಿಜೆ3ಬಿ ಜೀಪ್ ಇದ್ದವರಿಗೂ ಇದೇ ಉಪಾಯ ಹೊಂದುತ್ತದೆ. ಆದರೆ ಎಷ್ಟೋ ಸಿಜೆ3ಬಿ ಗಾಡಿಗಳಿಗೆ ಹಿಂದಿನ ಮಾಲೀಕರು ಬೇರೆ ಬಂಪರ್ ಹಾಕಿಸಿರುತ್ತಾರೆ. ಪೈಪ್ ಬಂಪರ್ ಇದ್ದರೆ ಮೊದಲು ಅದನ್ನು ತೆಗೆದು ಸರಿಯಾದದ್ದು ಹುಡುಕಿ, ಬ್ರಾಕೆಟ್ ಮಾತು ಆಮೇಲೆ.

ಹಿಂದೆ: ಇಲ್ಲೇ ನಿಜವಾದ ತಲೆನೋವು

ವಿಲ್ಲಿಸ್ ಹಿಂಭಾಗದಲ್ಲಿ ಖಾಲಿ ಜಾಗವೇ ಇಲ್ಲ. ಬಲಕ್ಕೆ ಸ್ಟೆಪ್ನಿ, ಎಡಕ್ಕೆ ಪೆಟ್ರೋಲ್ ತುಂಬಿಡುವ ಜೆರ್ರಿ ಕ್ಯಾನ್, ಕೆಳಗೆ ಮಧ್ಯದಲ್ಲಿ ಟ್ರೇಲರ್ ಎಳೆಯುವ ಪಿಂಟಲ್ ಹುಕ್, ಅದರ ಎರಡೂ ಕಡೆ ಚಿಕ್ಕ ಬಂಪರುಗಳು, ಅಂಚಿಗೆ ಲೈಟು. ಇದರ ನಡುವೆ 340 × 200ರ ಪ್ಲೇಟ್ ಎಲ್ಲಿ ಕೂರಿಸುವುದು?

ಸ್ಟೆಪ್ನಿ ಮಧ್ಯಕ್ಕೆ ಕೂರಿಸುವುದು ಮೊದಲ ಆಯ್ಕೆ. ಚೆನ್ನಾಗಿ ಕಾಣುತ್ತದೆ, ಎತ್ತರದಲ್ಲಿರುತ್ತದೆ, ಕೆಸರು ಕಡಿಮೆ. ಸ್ಟೆಪ್ನಿಯ ನಟ್ಟುಗಳ ಮೇಲೆಯೇ ಬ್ರಾಕೆಟ್ ಕೂರುವುದರಿಂದ ಹೊಸ ತೂತೂ ಬೇಡ. ಆದರೆ ದಾರಿಯಲ್ಲಿ ಪಂಕ್ಚರ್ ಆದಾಗ ಬ್ರಾಕೆಟ್ ಬಿಚ್ಚದೆ ಸ್ಟೆಪ್ನಿ ತೆಗೆಯಲು ಬರುವುದಿಲ್ಲ. ತೆಗೆದ ಮೇಲೆ, ಗಾಳಿ ಹೋದ ಚಕ್ರವನ್ನು ಅಲ್ಲಿಗೆ ಹಾಕಿ ಮತ್ತೆ ಬ್ರಾಕೆಟ್ ಬಿಗಿಯುವವರೆಗೆ ಗಾಡಿಗೆ ಹಿಂದೆ ನಂಬರ್ ಇರುವುದಿಲ್ಲ. ಇನ್ನೊಂದು ಕಷ್ಟ ಲೈಟಿನದು. ನಂಬರಿಗೆ ಬೆಳಕು ಕೊಡುವ ವೈರನ್ನು ಚಕ್ರದ ಮಧ್ಯಕ್ಕೆ ಎಳೆಯಬೇಕು.

ಪಿಂಟಲ್ ಹುಕ್ಕಿನ ಕೆಳಗೆ ನೇತುಹಾಕುವುದು ಎರಡನೆಯದು. ನೋಡಲು ಮರೆಯಾಗಿ, ಗಾಡಿಯ ರೂಪ ಕೆಡದೆ ಇರುತ್ತದೆ ಅಂತ ಕೆಲವರು ಇದನ್ನು ಇಷ್ಟಪಡುತ್ತಾರೆ. ನಾನು ಬೇಡ ಅನ್ನುತ್ತೇನೆ. ನಮ್ಮ ಕಡೆ ಎರಿ ಮಣ್ಣಿನ ಹೊಲ. ಮಳೆ ಬಿದ್ದ ಮರುದಿನ ನವಲಗುಂದ, ನರಗುಂದದ ಕಡೆ ಜೀಪ್ ಇಳಿಸಿ ನೋಡಿ. ಚಕ್ರ ಎತ್ತಿ ಒಗೆದ ಮಣ್ಣು ಪ್ಲೇಟಿಗೆ ಮೆತ್ತಿಕೊಂಡರೆ ನಂಬರ್ ಒಂದಕ್ಷರವೂ ಕಾಣುವುದಿಲ್ಲ. ದಿಬ್ಬ ಇಳಿಯುವಾಗ ಮೊದಲು ನೆಲಕ್ಕೆ ತಾಗುವುದೂ ಅದೇ. ಟ್ರೇಲರ್ ಹಚ್ಚಿದರಂತೂ ಪ್ಲೇಟ್ ಪೂರ್ತಿ ಮುಚ್ಚಿಹೋಗುತ್ತದೆ.

ಮೂರನೆಯದು ಜೆರ್ರಿ ಕ್ಯಾನ್ ಜಾಗ. ಇದು ನನಗೆ ಎಲ್ಲಕ್ಕಿಂತ ಇಷ್ಟ. 20 ಲೀಟರಿನ ಜೆರ್ರಿ ಕ್ಯಾನಿನ ಅಗಲ ಸುಮಾರು 345 ಮಿ.ಮೀ. ಪ್ಲೇಟಿನ ಅಗಲ 340. ಕ್ಯಾನ್ ಕೂರುವ ಚೌಕಟ್ಟಿನ ಬೋಲ್ಟುಗಳಿಗೇ ಬ್ರಾಕೆಟ್ ಕಟ್ಟಿದರೆ ಪ್ಲೇಟ್ ಅದೇ ಅಗಲದಲ್ಲಿ ನೆಟ್ಟಗೆ ಕೂರುತ್ತದೆ. ಮೊದಲಿನಿಂದಲೂ ಅಲ್ಲೇ ಇತ್ತೇನೋ ಅನ್ನುವಷ್ಟು ಹೊಂದುತ್ತದೆ. ಎತ್ತರವೂ ಸರಿ, ಕೆಸರೂ ಕಡಿಮೆ, ಲೈಟಿಗೆ ವೈರ್ ಹತ್ತಿರದಲ್ಲೇ ಸಿಗುತ್ತದೆ. ಎಡಗಡೆಯ ಟೇಲ್ ಲ್ಯಾಂಪಿಗೆ ಅಡ್ಡ ಬರದ ಹಾಗೆ ಕೆಳಗಿನ ಅಂಚು ನೋಡಿಕೊಂಡರೆ ಸಾಕು.

ಇದರ ಬೆಲೆ ಏನು ಅಂದರೆ ಕ್ಯಾನ್ ಬಿಡಬೇಕು. ಕ್ಯಾನ್ ಇಲ್ಲದ ಜೀಪ್ ಬೋಳು ಬೋಳು ಅನ್ನುವವರಿದ್ದಾರೆ. ಅವರಿಗೆ ಇನ್ನೊಂದು ದಾರಿ ಇದೆ. ಬ್ರಾಕೆಟ್ಟನ್ನು ಚೌಕಟ್ಟಿನ ಬೋಲ್ಟುಗಳಿಂದಲೇ ಹೊರಗೆ ಚಾಚಿಸಿ, ಪ್ಲೇಟ್ ಕ್ಯಾನಿನ ಹೊರಮುಖದ ಮುಂದೆ ಬರುವಂತೆ ಮಾಡಬಹುದು. ಕ್ಯಾನಿನ ದಪ್ಪ ಸುಮಾರು 165 ಮಿ.ಮೀ. ಅಂದರೆ ಅಷ್ಟುದ್ದದ ತೋಳು ಬೇಕು. ತೋಳು ಉದ್ದವಾದಷ್ಟೂ ಅದುರು ಜಾಸ್ತಿ. ಬುಡದಲ್ಲಿ ತ್ರಿಕೋನದ ಆಸರೆ ಪಟ್ಟಿ ಕೊಡದಿದ್ದರೆ ಬಗ್ಗಿಸಿದ ಮೂಲೆಯಲ್ಲೇ ಬಿರುಕು ಬಿಡುತ್ತದೆ. ರ್‍ಯಾಲಿ, ಪ್ರದರ್ಶನಕ್ಕೆ ಮಾತ್ರ ತೆಗೆಯುವ ಗಾಡಿಯಾದರೆ ಇದನ್ನು ಮಾಡಿಸಿ. ಧಾರವಾಡದಿಂದ ದಾಂಡೇಲಿ ಕಡೆ ಆಗಾಗ ಹೋಗುವವರು ಕ್ಯಾನ್ ಒಳಗಿಟ್ಟುಕೊಳ್ಳಿ, ಪ್ಲೇಟನ್ನು ಬಾಡಿಗೆ ಹತ್ತಿರವೇ ಕೂರಿಸಿ.

ಹಿಂಬಾಗಿಲು ಇರುವ ಸಿಜೆ3ಬಿಯಲ್ಲಿ ಬಾಗಿಲಿಗೇ ಪ್ಲೇಟ್ ಹಚ್ಚುವ ರೂಢಿ ಇದೆ. ಬಾಗಿಲು ಕೆಳಗೆ ಬಿಟ್ಟು ಸಾಮಾನು ಹೇರಿ ಹೊರಟರೆ ನಂಬರ್ ಮುಚ್ಚಿಹೋಗುತ್ತದೆ ಅನ್ನುವುದು ಅದರ ಕೊರತೆ. ಸೇನೆಗೆಂದು ಜಬಲ್ಪುರದ ಕಾರ್ಖಾನೆಯಲ್ಲಿ ತಯಾರಾದ ಜೊಂಗಾ ದೊಡ್ಡ ಗಾಡಿ, ಅಲ್ಲಿ ಜಾಗಕ್ಕೆ ಇಷ್ಟು ಒದ್ದಾಟ ಇಲ್ಲ. ಆದರೆ ಹೊಸ ತೂತು ಬೇಡ ಅನ್ನುವ ಮಾತು ಅದಕ್ಕೂ ಅನ್ವಯಿಸುತ್ತದೆ.

ಎಂ.ಎಸ್., ಸ್ಟೇನ್‌ಲೆಸ್, ಅಲ್ಯೂಮಿನಿಯಂ

ಹಿಂಬದಿ ಶೀಟಿಗೆ ಈ ಮೂರರಲ್ಲಿ ಒಂದನ್ನು ಆಯ್ದುಕೊಳ್ಳಬೇಕು. 340 × 200 ಅಳತೆಗೆ ತೂಕ ಲೆಕ್ಕ ಹಾಕಿದರೆ 1.6 ಮಿ.ಮೀ. ಎಂ.ಎಸ್. ಶೀಟ್ ಸುಮಾರು 850 ಗ್ರಾಂ. 2 ಮಿ.ಮೀ. ಸ್ಟೇನ್‌ಲೆಸ್ ಒಂದು ಕೆ.ಜಿ.ಗಿಂತ ತುಸು ಜಾಸ್ತಿ. 3 ಮಿ.ಮೀ. ಅಲ್ಯೂಮಿನಿಯಂ ಸುಮಾರು 550 ಗ್ರಾಂ. ಅದುರುವ ಗಾಡಿಯ ಮೇಲೆ ಹಗುರ ಇದ್ದಷ್ಟು ಬೋಲ್ಟಿಗೆ ಆರಾಮ.

ತೂಕಕ್ಕಿಂತ ದೊಡ್ಡ ವಿಷಯ ತುಕ್ಕು. ಎಚ್‌ಎಸ್‌ಆರ್‌ಪಿ ಅಲ್ಯೂಮಿನಿಯಂ. ಅದರ ಹಿಂದೆ ಬರೀ ಉಕ್ಕಿನ ಶೀಟ್ ತಾಗಿ, ನಡುವೆ ಒದ್ದೆ ಮಣ್ಣು ಕೂತರೆ ಅಲ್ಯೂಮಿನಿಯಂ ಮೊದಲು ತಿನ್ನಿಸಿಕೊಳ್ಳುತ್ತದೆ. ಎರಡು ಬೇರೆ ಲೋಹ, ನಡುವೆ ನೀರು ಅಂದರೆ ಸಣ್ಣ ಬ್ಯಾಟರಿಯೇ ಆಗುತ್ತದೆ. ಸ್ಟೇನ್‌ಲೆಸ್‌ನಲ್ಲಿ ಮಾಡಿಸಿದರೆ ತುಕ್ಕೇ ಇಲ್ಲ ಅಂತ ಅಂಗಡಿಯವರು ಹೇಳುತ್ತಾರೆ. ಸ್ಟೇನ್‌ಲೆಸ್‌ಗೆ ಇಲ್ಲ, ನಿಜ. ಆದರೆ ಅಷ್ಟಗಲದ ಸ್ಟೇನ್‌ಲೆಸ್ ಹಿಂದಿದ್ದರೆ ಮುಂದಿನ ಅಲ್ಯೂಮಿನಿಯಂ ಪ್ಲೇಟಿಗೆ ಇನ್ನೂ ಕೆಡುಕು. ಅದರ ಹೊಳಪೂ ಯುದ್ಧಕಾಲದ ಜೀಪಿಗೆ ಒಗ್ಗುವುದಿಲ್ಲ.

ಅದಕ್ಕೇ ಶೀಟಿಗೆ ನನ್ನ ಆಯ್ಕೆ 3 ಮಿ.ಮೀ. ಅಲ್ಯೂಮಿನಿಯಂ. ಪ್ಲೇಟೂ ಶೀಟೂ ಒಂದೇ ಲೋಹ ಆದ್ದರಿಂದ ಜಗಳ ಇಲ್ಲ. ಅದನ್ನು ಗಾಡಿಗೆ ಹಿಡಿಯುವ ಕೊಕ್ಕೆ, ತೋಳು ಮಾತ್ರ ಎಂ.ಎಸ್. ಇರಲಿ. ಅವು ತಾಗುವ ಕಡೆ ನೈಲಾನ್ ವಾಷರ್ ಅಥವಾ ರಬ್ಬರ್ ಕೊಡಿ. ಮುಂದಿನ ಕ್ಲಾಂಪಿಗೆ ಮೇಲ್ತುದಿ ಬಗ್ಗಿಸಬೇಕಲ್ಲ, ಅಲ್ಲಿ ಅಲ್ಯೂಮಿನಿಯಂ ಚೂಪಾಗಿ ಬಗ್ಗಿಸಿದರೆ ಬಿರಿಯುತ್ತದೆ. ಮೂಲೆಗೆ ಸ್ವಲ್ಪ ದುಂಡು ಬಿಡಲು ಹೇಳಿ. ಇಲ್ಲವೇ ಆ ಭಾಗವನ್ನು ಬೇರೆ ಎಂ.ಎಸ್. ಪಟ್ಟಿಯಲ್ಲಿ ಮಾಡಿಸಿ ಬೋಲ್ಟು ಹಾಕಿ. ಅಲ್ಯೂಮಿನಿಯಂ ವೆಲ್ಡಿಂಗ್ ಎಲ್ಲ ಅಂಗಡಿಯಲ್ಲೂ ಆಗುವ ಕೆಲಸ ಅಲ್ಲ, ಆದ್ದರಿಂದ ವೆಲ್ಡಿಂಗೇ ಬೇಡದ ಹಾಗೆ ನಕ್ಷೆ ಮಾಡಿಕೊಳ್ಳುವುದು ಜಾಣತನ.

ಎಂ.ಎಸ್. ಶೀಟೇ ಸಿಕ್ಕಿದ್ದು, ಅದರಲ್ಲೇ ಮಾಡಿಸುತ್ತೀರಿ ಅಂದರೆ ತಪ್ಪೇನಿಲ್ಲ. ಬೋಲ್ಟಿನ ತೂತುಗಳನ್ನೆಲ್ಲ ಕೊರೆದ ಮೇಲೆಯೇ ಬಣ್ಣ ಹೊಡೆಸಿ. ತೂತಿನ ಒಳ ಅಂಚಿಗೂ ಪ್ರೈಮರ್ ತಾಗಬೇಕು. ಪೌಡರ್ ಕೋಟಿಂಗ್ ಗಟ್ಟಿ, ಆದರೆ ಒಮ್ಮೆ ಒಡೆದರೆ ಒಳಗೊಳಗೇ ತುಕ್ಕು ಹರಡುತ್ತದೆ, ತೇಪೆ ಹಾಕಲು ಬರುವುದಿಲ್ಲ. ಸಾದಾ ಬಣ್ಣವನ್ನು ಮನೆಯಲ್ಲೇ ಬ್ರಷ್ ಹಿಡಿದು ಸರಿಮಾಡಬಹುದು.

ಬಣ್ಣದ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆಲಿವ್ ಗ್ರೀನ್ ಬಣ್ಣ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ. ಬಾಣದ ಗುರುತಿನ ಸೇನಾ ನಂಬರನ್ನೂ ರಸ್ತೆಯ ಮೇಲೆ ಹಾಕಿಕೊಳ್ಳುವ ಹಾಗಿಲ್ಲ. ಆ ನಂಬರ್ ಪಟ್ಟಿ ಮನೆಯ ಗೋಡೆಗೆ ಶೋಭೆ. ಗಾಡಿಯ ಬಣ್ಣ ಏನಿದೆಯೋ ಬ್ರಾಕೆಟ್ಟಿಗೂ ಅದೇ ಮಂಕು ಬಣ್ಣ ಹೊಡೆಸಿ, ಬ್ರಾಕೆಟ್ ಮರೆಯಾಗುತ್ತದೆ.

ಬೋಲ್ಟು, ಲೈಟು, ಅಂಗಡಿ

ವಿಲ್ಲಿಸ್‌ನಲ್ಲಿ ಇರುವುದು ಇಂಚಿನ ಥ್ರೆಡ್. 5/16 ಇಂಚಿನ ಬೋಲ್ಟಿನ ದಪ್ಪ 7.94 ಮಿ.ಮೀ. ಎಂ8 ಬೋಲ್ಟ್ ಅಂದರೆ 8 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಎಂ8 ಬೋಲ್ಟನ್ನು ಹಳೇ ನಟ್ಟಿಗೆ ತಿರುಗಿಸಿದರೆ ಒಂದೆರಡು ಸುತ್ತು ಹೋಗುತ್ತದೆ, ಆಮೇಲೆ 80 ವರ್ಷದ ಥ್ರೆಡ್ ಕಿತ್ತುಬರುತ್ತದೆ. ಹಳೇ ಬೋಲ್ಟನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ, ಅದಕ್ಕೆ ಹೊಂದುವುದನ್ನೇ ತನ್ನಿ. ಬ್ರಾಕೆಟ್ ಸೇರಿದ ಮೇಲೆ ದಪ್ಪ ಹೆಚ್ಚಾಗುವುದರಿಂದ ಬೋಲ್ಟಿನ ಉದ್ದ ಸ್ವಲ್ಪ ಜಾಸ್ತಿ ಬೇಕಾಗುತ್ತದೆ. ಒಳಗೆ ನೈಲಾನ್ ಉಂಗುರ ಇರುವ ನೈಲಾಕ್ ನಟ್ ಹಾಕಿ, ಅದುರಿಗೆ ಸಡಿಲ ಆಗುವುದಿಲ್ಲ.

ಹಿಂದಿನ ನಂಬರ್ ರಾತ್ರಿ 15 ಮೀಟರ್ ದೂರದಿಂದ ಓದಲು ಬರುವಂತೆ ಬಿಳಿ ಬೆಳಕು ಇರಬೇಕು ಅಂತ ನಿಯಮ ಇದೆ. ಯುದ್ಧಕಾಲದ ಜೀಪುಗಳದ್ದು 6 ವೋಲ್ಟ್. ಅಂಗಡಿಯಲ್ಲಿ ಸಿಗುವ 12 ವೋಲ್ಟಿನ ಬಲ್ಬು ಅದಕ್ಕೆ ಮಿಣುಕು ಮಿಣುಕು ಅನ್ನುತ್ತದೆ, ಎಷ್ಟೋ ಎಲ್‌ಇಡಿ ಹತ್ತುವುದೇ ಇಲ್ಲ. ನಿಮ್ಮ ಗಾಡಿಯನ್ನು 12 ವೋಲ್ಟಿಗೆ ಬದಲಿಸಿದ್ದಾರೋ ಇಲ್ಲವೋ ಬ್ಯಾಟರಿ ನೋಡಿ ತಿಳಿದುಕೊಂಡು ಬಲ್ಬು ತನ್ನಿ. ಲೈಟನ್ನು ಬ್ರಾಕೆಟ್ಟಿನ ಮೇಲಂಚಿಗೇ ಕೂರಿಸಿದರೆ ಬಾಡಿಗೆ ತೂತು ಬೇಡ.

ಮಾಡಿಸುವುದು ಎಲ್ಲಿ? ಗೋಕುಲ ರಸ್ತೆ, ತಾರಿಹಾಳ ಕೈಗಾರಿಕಾ ಪ್ರದೇಶಗಳಲ್ಲಿ ಶೀಟ್ ಕತ್ತರಿಸಿ ಬಗ್ಗಿಸುವ ಕೆಲಸದವರು ಇದ್ದಾರೆ. ಲೇಸರ್ ಕಟಿಂಗ್ ಅಂಚು ನುಣುಪಾಗಿ, ತೂತು ಕರಾರುವಾಕ್ಕಾಗಿ ಬರುತ್ತದೆ. ಆದರೆ ಒಂದೇ ಒಂದು ತುಂಡಿಗೆ ನಕ್ಷೆ ಮಾಡಿಸಿ ಕೊಡಬೇಕು, ಅವರ ದೊಡ್ಡ ಆರ್ಡರುಗಳ ನಡುವೆ ಕಾಯಬೇಕು. ನಿಮ್ಮ ಬಡಾವಣೆಯ ವೆಲ್ಡಿಂಗ್ ಅಂಗಡಿಯ ಅಣ್ಣನಿಗೆ ರಟ್ಟಿನ ಮಾದರಿ ಕೊಟ್ಟರೆ ಕಟರ್, ಡ್ರಿಲ್ಲು ಹಿಡಿದು ಎದುರಿಗೇ ಮಾಡಿಕೊಡುತ್ತಾರೆ. ತಗುಲಿದ ಕಡೆ ಅಲ್ಲೇ ಉಜ್ಜಿ ಸರಿಮಾಡಬಹುದು. ಒಂದೇ ಜೀಪಿಗಾದರೆ ನಾನು ಎರಡನೆಯದನ್ನೇ ಹೇಳುತ್ತೇನೆ. ಗೆಳೆಯರು ನಾಲ್ಕೈದು ಜನ ಸೇರಿ ಒಂದೇ ಮಾದರಿಯ ಬ್ರಾಕೆಟ್ ಮಾಡಿಸುವುದಾದರೆ ಲೇಸರ್ ಒಳ್ಳೆಯದು.

ಶೀಟಿನಲ್ಲಿ ಸ್ನ್ಯಾಪ್ ಲಾಕಿನ ತೂತುಗಳನ್ನು ಅಂದಾಜಿನ ಮೇಲೆ ಕೊರೆಸಬೇಡಿ. ಪ್ಲೇಟ್ ಕೈಗೆ ಬಂದಾಗ ಅದರ ತೂತುಗಳನ್ನೇ ಗುರುತು ಮಾಡಿಕೊಳ್ಳಿ. ಹಾಗಾಗಿ ಹಾಕಿಸುವ ದಿನ ಬ್ರಾಕೆಟ್ಟನ್ನು ಗಾಡಿಗೆ ಬಿಗಿದುಕೊಂಡೇ ಹೋಗಿ. ಲಾಕಿನ ಬಾಲ ಶೀಟಿನ ಹಿಂದೆ ಹೊರಗೆ ಬರುತ್ತದೆ. ಅದು ಬಾಡಿಗೆ ಕುಟ್ಟದಂತೆ ಹಿಂದೆ ಒಂದು ಬೆರಳಿನಷ್ಟು ಸಂದು ಇರಲಿ. ಪ್ಲೇಟಿಗೂ ಶೀಟಿಗೂ ನಡುವೆ ಮೇಲಂಚು, ಪಕ್ಕದ ಅಂಚುಗಳಲ್ಲಿ ತೆಳು ಫೋಮ್ ಪಟ್ಟಿ ಅಂಟಿಸಿ, ಮಣ್ಣು ಒಳಗೆ ಇಳಿಯುವುದಿಲ್ಲ. ಕೆಳಗಿನ ಅಂಚು ಮಾತ್ರ ತೆರೆದಿರಲಿ, ನೀರು ಹರಿದುಹೋಗಬೇಕು. ಮೊದಲ 50 ಕಿ.ಮೀ. ಓಡಿಸಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ, ಒತ್ತಿದ ರಬ್ಬರ್ ಕೂತು ಸ್ವಲ್ಪ ಸಡಿಲ ಆಗಿರುತ್ತದೆ. ಖಂಡೇನವಮಿಗೆ ಚೆಂಡು ಹೂವಿನ ಮಾಲೆಯನ್ನು ಬಂಪರಿಗೆ ಕಟ್ಟಿ, ಬ್ರಾಕೆಟ್ಟಿಗೆ ಬೇಡ. ಪೂಜೆ ಮುಗಿಸಿ ರಸ್ತೆಗೆ ಹೊರಡುವ ಮುಂಚೆ ನಂಬರ್ ಪೂರ್ತಿ ಕಾಣುತ್ತಿದೆಯೇ ಅಂತ ಇಳಿದು ನೋಡಿ.